ಮೂರು ಗಂಟೆ ದಾರಿಗೆ ಹೊರಟ ಹತ್ತೊಂಬತ್ತು ಪೆಟ್ಟಿಗೆ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ತಕ್ಷಣ ಉತ್ತರ ಹೇಳಬೇಡಿ. ಫೋನ್ ತೆಗೆದು ನೋಡಿಯೂ ಹೇಳಬೇಡಿ. ಮೊದಲು, ಹೋಗುತ್ತಿರುವುದು ಏನು ಎಂದು ಕೇಳಿ. ನನಗೆ ಈ ಬುದ್ಧಿ ಬಂದದ್ದು ಎರಡು ಸಾವಿರ ಕೋಳಿಮರಿಗಳಿಂದ.

ಹುಣಸಮಾರನಹಳ್ಳಿಯ ಸರ್ವಿಸ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಮಳಿಗೆ. ವಿಮಾನದಲ್ಲಿ ಸರಕು ಕಳಿಸುವವರಿಗೆ ಜಾಗ ಹಿಡಿದು, ಕಾಗದಪತ್ರ ಮಾಡಿಸಿ, ಸರಕನ್ನು ಕಾರ್ಗೋ ಟರ್ಮಿನಲ್‌ಗೆ ಮುಟ್ಟಿಸುವುದು ನನ್ನ ಕೆಲಸ. ಹೆಚ್ಚಾಗಿ ಹೂವು, ಸಸಿ, ಯಂತ್ರದ ಬಿಡಿಭಾಗ. ಚೌಕಾಸಿ ಕಲಿತದ್ದು ಯಶವಂತಪುರದ ಮಂಡಿಯಲ್ಲಿ, ಈರುಳ್ಳಿ ಮೂಟೆಗಳ ಮೇಲೆ ಕೂತು. ಅಲ್ಲಿ, ಗಿರಾಕಿ ಬಾಯಿ ತೆರೆದು ಮುಚ್ಚುವುದರೊಳಗೆ ಉತ್ತರ ಕೊಡದಿದ್ದರೆ ಆತ ಪಕ್ಕದ ಮಳಿಗೆಯಲ್ಲಿರುತ್ತಾನೆ. ಮಂಡಿ ಬಿಟ್ಟರೂ ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ.

ಸೋಲದೇವನಹಳ್ಳಿಯಿಂದ ಇನ್ನೂ ಒಳಗೆ ಒಂದು ಹ್ಯಾಚರಿ ಇದೆ. ಯಂತ್ರದಲ್ಲಿ ನಾಟಿ ಕೋಳಿಮೊಟ್ಟೆ ಇಟ್ಟು ಮರಿ ಮಾಡಿಸಿ ಮಾರುತ್ತಾರೆ. ಅದರ ಯಜಮಾನಮ್ಮನಿಗೆ ಅರವತ್ತು ದಾಟಿದೆ. ಜಮೀನಿನ ಬಹುಪಾಲು ಲೇಔಟ್ ಆಗಿ ಹೋದ ಮೇಲೂ ಹ್ಯಾಚರಿಯ ಎರಡು ಶೆಡ್ಡನ್ನು ಯಾರಿಗೂ ಮುಟ್ಟಗೊಡದೆ ಉಳಿಸಿಕೊಂಡವರು. ಸುತ್ತ ಕಾಲೇಜುಗಳಿರುವುದರಿಂದ ಶೆಡ್ ಕೆಡವಿ ಪಿಜಿ ಕಟ್ಟೋಣ ಎಂದು ಮಗ ವರ್ಷಗಳಿಂದ ಹೇಳುತ್ತಿದ್ದರಂತೆ. ಹೆಸರಘಟ್ಟದ ಕಡೆ ತರಬೇತಿಗೆ ಬಂದಿದ್ದ ಅಸ್ಸಾಮಿನ ಒಂದು ಮಹಿಳಾ ಸಂಘದವರು ಈಕೆಯ ಕೋಳಿ ನೋಡಿ ಎರಡು ಸಾವಿರ ಮರಿ ಕೇಳಿದ್ದರು. ಅಷ್ಟು ದೂರದಿಂದ ಬಂದ ಮೊದಲ ಬೇಡಿಕೆ. ಇದು ಸರಿಯಾಗಿ ಮುಟ್ಟಿದರೆ ಪಿಜಿಯ ಮಾತು ನಿಲ್ಲುತ್ತದೆ, ಇಲ್ಲದಿದ್ದರೆ ಶೆಡ್ ನಿಲ್ಲುವುದಿಲ್ಲ ಎಂದು ಯಜಮಾನಮ್ಮ ಮೊದಲ ದಿನವೇ ನನಗೆ ನೇರವಾಗಿ ಹೇಳಿದರು.

ಆಮೇಲೆ ಕೇಳಿದರು: “ದಿಬ್ರುಗಢ ಅಂತೆ. ಎಷ್ಟೊತ್ತಿನ ದಾರಿ?”

ನಾನು ಫೋನ್ ತೆಗೆದೆ. ಎರಡು ಊರಿನ ಹೆಸರು ಕೊಟ್ಟರೆ ದೂರ, ಸಮಯ ಎರಡನ್ನೂ ಹೇಳುವ ಪುಟಗಳು ಬೇಕಾದಷ್ಟಿವೆ. ಸುಮಾರು ಎರಡು ಸಾವಿರದ ನಾನೂರು ಕಿಲೋಮೀಟರ್, ಮೂರು ಗಂಟೆ ಚಿಲ್ಲರೆ ಎಂದು ಬಂತು. ನಾನೂ ಹಾಗೆಯೇ ಹೇಳಿದೆ. “ಮೂರು ಗಂಟೆ ಅಮ್ಮ. ಬೆಳಿಗ್ಗೆ ಕಳಿಸಿದ್ರೆ ಸಾಯಂಕಾಲ ಅಲ್ಲಿ ನೀರು ಕುಡೀತವೆ.”

ಅವರು ಆ ಮಾತನ್ನು ನಂಬಿ, ಮರಿಗಳು ಒಂದು ಭಾನುವಾರ ಹೊರಬರುವ ಹಾಗೆ ಲೆಕ್ಕ ಹಾಕಿ ಮೊಟ್ಟೆಗಳನ್ನು ಯಂತ್ರಕ್ಕೆ ಇಡಿಸಿದರು. ಇಪ್ಪತ್ತೊಂದು ದಿನದ ಲೆಕ್ಕ. ಒಮ್ಮೆ ಇಟ್ಟ ಮೇಲೆ ಆ ದಿನವನ್ನು ಮುಂದೂಡಲು ಬರುವುದಿಲ್ಲ.

ಎರಡು ದಿನ ಬಿಟ್ಟು ನಿಜವಾದ ಬುಕಿಂಗ್‌ಗೆ ಕೂತಾಗ ನನ್ನ ತಪ್ಪು ಗೊತ್ತಾಯಿತು. ಆ ಪುಟ ಹೇಳಿದ್ದು ಭೂಪಟದ ಮೇಲೆ ಎರಡು ಚುಕ್ಕೆ ಇಟ್ಟು ನೇರ ಗೆರೆ ಎಳೆದರೆ ವಿಮಾನಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು. ಆ ಗೆರೆಯ ಮೇಲೆ ವಿಮಾನ ಹಾರುತ್ತದೆ ಎಂದು ಅದು ಹೇಳಿರಲೇ ಇಲ್ಲ. ನಮಗೆ ಸಿಗುವುದು ಕೋಲ್ಕತ್ತದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವ ದಾರಿ. ಅದರಲ್ಲೂ ಜೀವ ಇರುವ ಸರಕನ್ನು, ಗಾಳಿಯಾಡುವ ಹೊಟ್ಟೆಯಲ್ಲಿ, ಅಂದರೆ ಸೀಟುಗಳ ಕೆಳಗಿನ ಸರಕು ಕೋಣೆಯಲ್ಲಿ, ಹಾಕಿಕೊಂಡು ಹೋಗಲು ಒಪ್ಪಿದ್ದು ಮಧ್ಯಾಹ್ನ ಹನ್ನೆರಡೂವರೆಯ ಒಂದೇ ವಿಮಾನ. ಅದು ಕೋಲ್ಕತ್ತ ಮುಟ್ಟುವ ಹೊತ್ತಿಗೆ ಆ ದಿನ ಮುಂದಕ್ಕೆ ಹೋಗುವ ವಿಮಾನ ಇರುವುದಿಲ್ಲ. ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಇನ್ನೊಂದು.

ಹ್ಯಾಚರಿಯ ಯಂತ್ರ ನೋಡಿಕೊಳ್ಳುವ ಆಪರೇಟರ್ ವಿಜಯಪುರದ ಕಡೆಯವರು, ಕಡಿಮೆ ಮಾತಿನ ಮನುಷ್ಯ. ಅವರ ಬಳಿ ಹೋಗಿ, ಮರಿಗೆ ಎಷ್ಟು ಹೊತ್ತು ತಡೆಯುವ ಶಕ್ತಿ ಇದೆ ಎಂದು ಕೇಳಿದೆ.

“ಮೊಟ್ಟಿ ಒಡದು ಬರೂ ಮುಂದ ಒಳಗಿನ ಹಳದಿ ಹೊಟ್ಟ್ಯಾಗ ಎಳಕೊಂಡು ಬರ್ತದ್ರೀ. ಅದೇ ಅದರ ಬುತ್ತಿ,” ಎಂದರು. “ಮೂರು ದಿನ ಅಂತಾರ. ಅದು ಪುಸ್ತಕದ ಮಾತು. ಅರವತ್ತು ತಾಸು ದಾಟಿದ ಮ್ಯಾಲ ಕಾಲು ಸೋಲ್ತಾವ.”

ನಾನು ಅವರ ಎದುರಿಗೇ ಒಂದು ಹಾಳೆಯಲ್ಲಿ ಬರೆದೆ. ಮೊದಲ ಮರಿ ಹೊರಬರುವುದು ಭಾನುವಾರ ಬೆಳಗಿನ ಜಾವ ನಾಲ್ಕು. ಗಡಿಯಾರ ಅಲ್ಲಿಂದ ಶುರು. ಎಲ್ಲ ಮರಿ ಬಂದು, ಮೈ ಒಣಗಿ, ಲಸಿಕೆ ಆಗಿ ಪೆಟ್ಟಿಗೆಗೆ ಹೋಗುವುದು ಸೋಮವಾರ ಬೆಳಿಗ್ಗೆ. ಆಗಲೇ ಇಪ್ಪತ್ತೇಳು ಗಂಟೆ. ವಿಮಾನಕ್ಕೆ ಮೂರು ಗಂಟೆ ಮುಂಚೆ, ಅಂದರೆ ಒಂಬತ್ತೂವರೆಗೆ, ಸರಕು ಟರ್ಮಿನಲ್‌ನಲ್ಲಿ ಇರಬೇಕು. ಮಧ್ಯಾಹ್ನ ಮೂರಕ್ಕೆ ಕೋಲ್ಕತ್ತ. ರಾತ್ರಿ ಅಲ್ಲೇ. ಮಂಗಳವಾರ ಹನ್ನೊಂದಕ್ಕೆ ದಿಬ್ರುಗಢ. ಕಾಗದ ತೋರಿಸಿ ಬಿಡಿಸಿಕೊಳ್ಳಲು ಎರಡು ಗಂಟೆ. ಅಲ್ಲಿಂದ ಸಂಘದವರ ಊರಿಗೆ ನಾಲ್ಕು ಗಂಟೆ ರಸ್ತೆ. ಕೂಡಿಸಿದರೆ ಅರವತ್ತೊಂದು.

ನಾನು ಹೇಳಿದ್ದು ಮೂರು.

ಹಾಳೆ ನೋಡಿ ಆಪರೇಟರ್ ಒಂದೇ ಮಾತು ಹೇಳಿದರು: “ಅಮ್ಮಾರಿಗೆ ನೀವೇ ಹೇಳ್ರಿ.” ಹೇಳುತ್ತೇನೆ ಎಂದೆ. ಹೇಳಲಿಲ್ಲ. ಒಪ್ಪಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಬೆಲೆ ಬೀಳುತ್ತದೆ ಎಂಬುದು ಮಂಡಿಯ ಪಾಠ. ಗಂಟೆಗಳನ್ನು ಎಲ್ಲೆಲ್ಲಿ ಕಡಿಮೆ ಮಾಡಬಹುದೋ ಮಾಡಿ, ಮರಿ ಸುಖವಾಗಿ ಮುಟ್ಟಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡೆ.

ಉಳಿದ ದಿನಗಳಲ್ಲಿ ನಾನು ಮಾಡಿದ್ದೆಲ್ಲ ಗಂಟೆಗಳ ಚೌಕಾಸಿ. ಆರೋಗ್ಯ ಪ್ರಮಾಣಪತ್ರ ಕೊಡುವ ಪಶುವೈದ್ಯರು ಹತ್ತು ಗಂಟೆಗೆ ಮುಂಚೆ ಬರುವವರಲ್ಲ. ಮರಿ ನೋಡದೆ, ಹೊರಡುವ ದಿನ ಬಿಟ್ಟು ಬೇರೆ ದಿನ ಸಹಿ ಹಾಕುವವರೂ ಅಲ್ಲ. ಎರಡು ಸಲ ಅವರ ಮನೆಗೇ ಹೋಗಿ, ಎಂಟು ಗಂಟೆಗೆ ಒಪ್ಪಿಸಿದೆ. ಪೆಟ್ಟಿಗೆಗಳನ್ನು ತರಿಸಿದೆ. ನಾಲ್ಕು ಪಕ್ಕದಲ್ಲೂ ತೂತು, ಒಳಗೆ ನಾಲ್ಕು ಮನೆ, ಮನೆಗೆ ಇಪ್ಪತ್ತೈದರಂತೆ ಪೆಟ್ಟಿಗೆಗೆ ನೂರು ಮರಿ. ಒಂದರ ಮೇಲೊಂದು ಇಟ್ಟಾಗ ತೂತು ಮುಚ್ಚದ ಹಾಗೆ ನಡುವೆ ಮರದ ಪಟ್ಟಿ. ಜೀವ ಇರುವ ಸರಕು ಕಳಿಸುವವರಿಗೆ ಒಂದು ಮಾತು: ಪೆಟ್ಟಿಗೆಯಲ್ಲಿ ಒಂದೆರಡು ಮರಿ ಹೆಚ್ಚು ತುರುಕಲು ಹೋಗಬೇಡಿ. ಸಾಯುವುದು ಹೆಚ್ಚಾದ ಎರಡಲ್ಲ, ಇಡೀ ಮನೆ.

ಎಲ್ಲ ಕೂಡಿಬಂತು ಎನ್ನುವಾಗ ಶನಿವಾರ ಯಜಮಾನಮ್ಮ ಫೋನ್ ಮಾಡಿದರು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಗಾಡಿ ಗೇಟು ದಾಟಕೂಡದು.

ಲೆಕ್ಕ ನೋಡಿ. ಡಾಕ್ಟರು ಬರುವುದು ಎಂಟಕ್ಕೆ. ಟರ್ಮಿನಲ್ ಬಾಗಿಲು ಹಾಕುವುದು ಒಂಬತ್ತೂವರೆಗೆ. ಹೆಸರಘಟ್ಟ ರಸ್ತೆಯಿಂದ ಯಲಹಂಕ ಹಾದು ಬಳ್ಳಾರಿ ರಸ್ತೆ ಹಿಡಿದು ಟರ್ಮಿನಲ್ ಮುಟ್ಟಲು ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಎಂಟೂ ಹತ್ತಕ್ಕೆ ಹೊರಡಲೇಬೇಕು. ಅದು ರಾಹುಕಾಲದ ನಟ್ಟನಡುವೆ.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಇಂಥ ನಂಬಿಕೆಯನ್ನು ಸುಳ್ಳು ಎಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಹಾಗಾಗಿ ವಾದಿಸಲಿಲ್ಲ. “ಅಮ್ಮ, ಪ್ರಯಾಣ ಶುರು ಆಗೋದು ಯಾವಾಗ? ಗಾಡಿ ಹೊರಟಾಗ್ಲಾ, ಹೋಗೋರು ಮನೆ ಹೊಸ್ತಿಲು ದಾಟಿದಾಗ್ಲಾ?” ಎಂದು ಕೇಳಿದೆ.

ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. “ಕಿಲಾಡಿ ಕಣಪ್ಪ ನೀನು,” ಎಂದರು. “ನಮ್ಮತ್ತೆ ಇಂಗೇ ಮಾಡೋರು. ಪರಸ್ಥಾನ ಮಡಗಾಣ ಬಿಡು.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದವರ ಒಂದು ಗಂಟನ್ನು ಮನೆಯಿಂದ ಹೊರಗೆ ತಂದು ನೆರೆಮನೆಯಲ್ಲಿಡುವುದಕ್ಕೆ ಪರಸ್ಥಾನ ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಯಾವಾಗ ಹೊರಟರೂ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋದರಾಯಿತು. ಆದರೆ ಅದನ್ನು ತಿರುಗಿ ಮನೆಗೆ ತರುವಂತಿಲ್ಲ.

ಒಂದು ತೆಂಗಿನಕಾಯಿ, ಒಂದು ಚೀಲ ಇಟ್ಟರೆ ಸಾಕು ಎಂದು ನಾನು. ಯಜಮಾನಮ್ಮ ಒಪ್ಪಲಿಲ್ಲ. ಹೋಗುವವರು ಮರಿಗಳು, ಗಂಟೂ ಅವುಗಳದ್ದೇ ಆಗಿರಬೇಕು. ಹಾಗಾಗಿ ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಇಪ್ಪತ್ತರಲ್ಲಿ ಒಂದು ಪೆಟ್ಟಿಗೆಯನ್ನು ಅವರೇ ಹೊತ್ತು, ಓಣಿಯಾಚೆಯ ಓರಗಿತ್ತಿಯ ಮನೆಯ ಜಗುಲಿಯ ಮೇಲೆ ಇಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬಂದರು. ಗಾಡಿ ಹೋಗುವಾಗ ಆ ಮನೆಯ ಮುಂದೆ ನಿಲ್ಲಿಸಿ ಎತ್ತಿಕೊಳ್ಳುವುದು ಎಂದು ಮಾತಾಯಿತು.

ಡಾಕ್ಟರು ಹೇಳಿದ ಹೊತ್ತಿಗೆ ಬಂದರು. ಶೆಡ್ಡಿನಲ್ಲಿ ಹತ್ತೊಂಬತ್ತು ನೋಡಿ, ಓಣಿ ದಾಟಿ ಜಗುಲಿಯ ಮೇಲಿದ್ದದ್ದನ್ನೂ ನೋಡಿ, ಇಪ್ಪತ್ತು ಪೆಟ್ಟಿಗೆ, ಎರಡು ಸಾವಿರ ಮರಿ ಎಂದು ಬರೆದು ಸಹಿ ಹಾಕಿದರು. ನಾನು ಕಾಗದ ಹಿಡಿದು ಗಾಡಿಯ ಮುಂದಿನ ಸೀಟಿಗೆ ಹತ್ತಿದೆ. ಮುಂದಿನ ಓಣಿಯಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದರು. ಹಿಂದಿನ ದಾರಿ ಹಿಡಿಯಲು ನಾನೇ ಡ್ರೈವರಿಗೆ ಹೇಳಿದೆ. ಆಮೇಲೆ ತಲೆ ತಗ್ಗಿಸಿ, ಕೋಲ್ಕತ್ತದ ನನ್ನ ಪರಿಚಯದ ಏಜೆಂಟನಿಗೆ ಮೆಸೇಜು ಬರೆಯುತ್ತಾ ಕೂತೆ.

ಒಂಬತ್ತೂ ಇಪ್ಪತ್ತಕ್ಕೆ ಟರ್ಮಿನಲ್. ಸರಕು ತೆಗೆದುಕೊಳ್ಳುವ ಕೌಂಟರಿನಲ್ಲಿದ್ದ ಹೆಣ್ಣುಮಗಳು ಪೆಟ್ಟಿಗೆಗಳನ್ನು ಒಮ್ಮೆ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. “ಸರ್, ಹತ್ತೊಂಬತ್ತೇ ಇದೆ.”

ಡ್ರೈವರ್ ಗಾಡಿಯೊಳಗೆ ಬಗ್ಗಿ ನೋಡಿ ಹೊರಬಂದ. “ಅಣ್ಣ, ಪೂಜೆ ಮಾಡಿದ್ ಪೆಟ್ಟಿಗೆ ಜಗುಲಿ ಮೇಲೇ ಉಳ್ಕೊಂಡ್‌ಬಿಡ್ತು.”

“ನಿಲ್ಲಿಸ್ಬೇಕಿತ್ತಲ್ಲೋ.”

“ನೀವೇ ತಾನೆ ಹಿಂದ್ಗಡೆ ರೋಡಲ್ಲಿ ಹೋಗು ಅಂದಿದ್ದು? ಹಿಂದ್ಗಡೆ ಯಾವ ಜಗುಲಿ ಅದೆ ಅಣ್ಣ?”

ನಾನು ಕಾಗದಗಳನ್ನು ತೆಗೆದು ಕೌಂಟರಿನ ಮೇಲೆ ಹಾಸಿದೆ.

ಪ್ರಮಾಣಪತ್ರದಲ್ಲಿ ಇಪ್ಪತ್ತು, ನಮ್ಮ ಸರಕು ಚೀಟಿಯಲ್ಲಿ ಇಪ್ಪತ್ತು, ಕಣ್ಣೆದುರಿಗೆ ಹತ್ತೊಂಬತ್ತು. ಹೊಂದಾಣಿಕೆ ಆಗದಿದ್ದರೆ ತೆಗೆದುಕೊಳ್ಳಲು ಬರುವುದಿಲ್ಲ ಎಂದಳು ಆ ಹೆಣ್ಣುಮಗಳು. ಅವಳು ಹೇಳಿದ್ದು ಸರಿ. ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪೆಟ್ಟಿಗೆ ತರಿಸಲು ಒಂದು ಗಂಟೆ ಹತ್ತು ನಿಮಿಷ, ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

ಆಗ ಚೌಕಾಸಿಗೆ ಕೂತೆ. ಅಧಿಕಾರದಲ್ಲಿರುವವರ ಹತ್ತಿರ ನಿಯಮ ಬಿಡಿ ಎಂದು ಕೇಳಬೇಡಿ. ನಿಯಮದೊಳಗೇ ಜಾಗ ಎಲ್ಲಿದೆ ಎಂದು ಕೇಳಿ. ಪ್ರಮಾಣಪತ್ರಕ್ಕಿಂತ ಒಂದು ಮರಿ ಹೆಚ್ಚಿದ್ದರೆ ತಪ್ಪು, ಏಕೆಂದರೆ ಆ ಮರಿಯನ್ನು ಡಾಕ್ಟರು ನೋಡಿಲ್ಲ. ಕಡಿಮೆ ಇದ್ದರೆ, ಇರುವುದನ್ನೆಲ್ಲ ಅವರು ನೋಡಿದ್ದಾರೆ ತಾನೆ ಎಂದೆ. ಅವಳು ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದಳು. ಸರಕು ಚೀಟಿಯನ್ನು ಹತ್ತೊಂಬತ್ತಕ್ಕೆ ಹೊಸದಾಗಿ ಮಾಡಬೇಕು. ಒಂದು ಪೆಟ್ಟಿಗೆಯನ್ನು ತಾವೇ ಕಳಿಸುತ್ತಿಲ್ಲ ಎಂದು ಕಳಿಸುವವರು ಕೈಬರಹದಲ್ಲಿ ಬರೆದು, ಮೊಹರು ಸಹಿ ಹಾಕಿ, ಅದರ ಫೋಟೋ ಬರಬೇಕು. ಒಂಬತ್ತೂ ಐವತ್ತರವರೆಗೆ ಕಾಯುತ್ತೇನೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ ಎಂದಳು.

ಯಜಮಾನಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಫೋನ್ ಹಿಡಿದೇ ಓಣಿಯಾಚೆ ನೋಡಿಕೊಂಡು ಬಂದರು.

“ಬರ್ಕೊಡಲ್ಲ,” ಎಂದರು. “ಪರಸ್ಥಾನ ಬಿಟ್ಟು ಓದ್ರೆ ಓದಂಗೇ ಅಲ್ಲ ಕಣಪ್ಪ. ಗಾಡಿ ಹಿಂದಕ್ಕೆ ತಿರುಗ್ಸು. ಇಪ್ಪತ್ತೂ ಕೂಡಿ ನಾಳೆ ಓಗ್ಲಿ. ಮೂರು ಗಂಟೆ ದಾರಿ ತಾನೆ? ಇವತ್ತಾದ್ರೇನು, ನಾಳೆ ಆದ್ರೇನು?”

ಆ ಮೂರು ಗಂಟೆ ನನ್ನದೇ ಬಾಯಿಂದ ಬಂದದ್ದು. ನಾಳೆ ಎಂದರೆ ಅರವತ್ತೊಂದರ ಜೊತೆಗೆ ಇಪ್ಪತ್ತನಾಲ್ಕು. ಎಂಬತ್ತೈದು ಗಂಟೆಗೆ ಮುಟ್ಟುವ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ಆಪರೇಟರನ್ನು ಕೇಳುವ ಅಗತ್ಯವಿರಲಿಲ್ಲ. ಇನ್ನೊಂದು ಸುಳ್ಳು ಹೇಳಿ ದಾಟಬಹುದಿತ್ತು. ನಾಳೆ ವಿಮಾನವೇ ಇಲ್ಲ ಎಂದಿದ್ದರೆ ಸಾಕಿತ್ತು, ನಾಲಿಗೆಯ ತುದಿಗೆ ಬಂದೂ ಇತ್ತು. ಎದುರಿಗೆ ಹತ್ತೊಂಬತ್ತು ಪೆಟ್ಟಿಗೆಗಳ ತೂತುಗಳಿಂದ ಚಿಂವ್ ಚಿಂವ್ ಸದ್ದು ಒಂದೇ ಸಮನೆ ಬರುತ್ತಿತ್ತು. ಆ ಸದ್ದಿನ ಮುಂದೆ ನಿಂತು ಇನ್ನೊಂದು ಲೆಕ್ಕ ಹೇಳಲು ನನಗೆ ಆಗಲಿಲ್ಲ.

“ಅಮ್ಮ, ಮೂರು ಗಂಟೆ ಅಲ್ಲ. ನಾನ್ ಹೇಳಿದ್ದು ತಪ್ಪು. ಅವು ಅಲ್ಲಿ ನೀರು ಮುಟ್ಟೋ ಹೊತ್ತಿಗೆ ಅರವತ್ತೊಂದು ಗಂಟೆ. ನಾಳೆ ಕಳ್ಸಿದ್ರೆ ಒಂದೂ ಉಳಿಯಲ್ಲ.”

“ಯಾವತ್ತು ಗೊತ್ತಾಯ್ತು ನಿಂಗೆ?”

“ಮೊಟ್ಟೆ ಇಟ್ಟ ಎರಡು ದಿನಕ್ಕೆ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಮಾತಾಡಲು ಒಂದು ದಾರಿ ಸಿಗುತ್ತಿತ್ತು. ಫೋನ್ ಇಟ್ಟರು. ಒಂಬತ್ತೂ ನಲವತ್ನಾಲ್ಕಕ್ಕೆ ಫೋಟೋ ಬಂತು. ದುಂಡು ಅಕ್ಷರ, ನೀಲಿ ಮೊಹರು, ಸಹಿ. ಅದರ ಹಿಂದೆಯೇ ಒಂದು ಧ್ವನಿ ಸಂದೇಶ: “ಆ ಪೆಟ್ಟಿಗೆ ಜಗುಲಿ ಮೇಲೇ ಇರ್ತದೆ. ಅವು ಅಲ್ಲಿ ನೀರು ಕುಡಿಯೋ ತಂಕ ಇವಕ್ಕೂ ನೀರಿಲ್ಲ. ನೀನೂ ಬಂದು ಇಲ್ಲೇ ಕುಂತ್ಕೊ.”

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಜಗುಲಿಗೆ ಹೋದೆ. ಪೆಟ್ಟಿಗೆಯ ಮೇಲೆ ಆಪರೇಟರ್ ಒಂದು ಬಲ್ಬು ಇಳಿಬಿಟ್ಟಿದ್ದರು. ಯಜಮಾನಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಬಾ ಎನ್ನಲಿಲ್ಲ. ಅವರನ್ನು ನೋಡಲು ಹೋದವರು ಕಾಫಿ ಕುಡಿಯದೆ ಬಂದದ್ದನ್ನು ನಾನು ಕಂಡಿರಲಿಲ್ಲ. ಆ ಬೆಳಿಗ್ಗೆ ಯಾರೂ ಕೇಳಲಿಲ್ಲ.

ನನ್ನನ್ನು ಶಿಕ್ಷಿಸಲು ಮರಿಗಳನ್ನು ಉಪವಾಸ ಕೆಡವಿದ್ದಾರೆ ಎಂದು ಮೊದಲು ಅನ್ನಿಸಿತ್ತು. ಆಪರೇಟರ್ ತಿಳಿಸಿ ಹೇಳಿದ ಮೇಲೆ ಅರ್ಥವಾಯಿತು. ಇವೂ ಅದೇ ದಿನದ, ಅದೇ ಯಂತ್ರದ ಮರಿ. ಇಲ್ಲಿಯವು ಹೇಗಿವೆಯೋ, ಹೆಚ್ಚುಕಡಿಮೆ ಅಲ್ಲಿಯವೂ ಹಾಗೆಯೇ. ಕಾಣದ ಹತ್ತೊಂಬತ್ತನ್ನು ಕಾಣುವ ಒಂದರಲ್ಲಿ ನೋಡಬಹುದು. ಮೀರಿ ಸೋತರೆ ತಕ್ಷಣ ನೀರು ಕೊಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ.

ಎಂಟೂವರೆಗೆ ಕೋಲ್ಕತ್ತದ ಏಜೆಂಟನ ಫೋನ್. ಮರಿಗಳನ್ನು ಒಂಬತ್ತೂವರೆಯ ವಿಮಾನದಿಂದ ಇಳಿಸಿದ್ದಾರೆ. ಅದೇ ಹೊಟ್ಟೆಯಲ್ಲಿ ಒಣ ಮಂಜುಗಡ್ಡೆ ಹಾಕಿದ ಔಷಧಿ ಹೋಗುತ್ತಿತ್ತು. ಆ ಮಂಜುಗಡ್ಡೆ ಕರಗಿ ನೀರಾಗುವುದಿಲ್ಲ, ಗಾಳಿಯಾಗುತ್ತದೆ. ಮುಚ್ಚಿದ ಜಾಗದಲ್ಲಿ ಆ ಗಾಳಿ ಉಸಿರು ಕಟ್ಟಿಸುತ್ತದೆ. ಅದರ ಜೊತೆ ಜೀವ ಇರುವ ಸರಕು ಹಾಕುವುದಿಲ್ಲ ಎಂಬುದು ನಿಯಮ, ಒಳ್ಳೆಯ ನಿಯಮ. ಹೂವು ಕಳಿಸಿ ಅಭ್ಯಾಸವಾದ ನಾನು ಆ ವಿಮಾನದಲ್ಲಿ ಬೇರೆ ಏನು ಹೋಗುತ್ತಿದೆ ಎಂದು ಕೇಳಿರಲೇ ಇಲ್ಲ. ಈಗ ಮೊದಲು ಕೇಳುವುದೇ ಅದನ್ನು. ಮುಂದಿನ ವಿಮಾನ ಒಂದೂ ಹತ್ತಕ್ಕೆ.

ಈ ಸಲ ಫೋನ್ ಇಟ್ಟ ಕೂಡಲೇ ಯಜಮಾನಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅರವತ್ತೊಂದು ಹೋಗಿ ಅರವತ್ತೈದರ ಹತ್ತಿರ ಬಂತು. ಆಪರೇಟರ್ ಪೆಟ್ಟಿಗೆಯ ಮುಚ್ಚಳ ತೆಗೆದರು. ಮರಿಗಳು ಎದ್ದು ನಿಂತವು, ಆದರೆ ಹಿಂದಿನ ದಿನದ ಗದ್ದಲ ಇರಲಿಲ್ಲ. ಒಂದು ಮೂಲೆಯಲ್ಲಿ ಒಂದು ಸತ್ತಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟರು.

“ಅರವತ್ತರ ಒಳಗ ನೀರು ಸಿಕ್ರ ಬದುಕ್ತಾವ,” ಎಂದರು. “ಆಮ್ಯಾಲ ನಾ ಏನೂ ಹೇಳಂಗಿಲ್ಲ.”

ನನ್ನ ಹಾಳೆಯನ್ನು ತೆಗೆದು ಜಗುಲಿಯ ಮೇಲೆ ಹಾಸಿದೆ. ಮೂವರೂ ಬಗ್ಗಿ ನೋಡಿದೆವು. ವಿಮಾನದ್ದು ನಮ್ಮ ಕೈಯಲ್ಲಿಲ್ಲ. ಕಾಗದ ಬಿಡಿಸುವುದೂ ಇಲ್ಲ. ಕೊನೆಯ ಸಾಲಿನ ಮೇಲೆ ಯಜಮಾನಮ್ಮ ಬೆರಳಿಟ್ಟರು. ರಸ್ತೆ, ನಾಲ್ಕು ಗಂಟೆ.

“ನೀರು ಕುಡಿಯಾಕೆ ಮನೆಗೇ ಓಗ್ಬೇಕಾ?” ಎಂದರು.

ನಾನು ಅಷ್ಟು ದಿನ ಎಲ್ಲರ ಹತ್ತಿರ ಅರ್ಧರ್ಧ ಗಂಟೆ ಚೌಕಾಸಿ ಮಾಡಿದ್ದೆ. ಆ ನಾಲ್ಕು ಗಂಟೆ ಕಣ್ಣೆದುರಿಗೇ ಬಿದ್ದಿತ್ತು, ಕಂಡಿರಲಿಲ್ಲ. ಪ್ರಯಾಣ ಎಲ್ಲಿ ಶುರು ಎಂದು ನಾನು ಅವರನ್ನು ಕೇಳಿದ್ದೆ. ಎಲ್ಲಿ ಮುಗಿಯುತ್ತದೆ ಎಂದು ಅವರು ನನ್ನನ್ನು ಕೇಳಿದರು.

ಸಂಘದ ಮುಖ್ಯಸ್ಥೆಗೆ ಫೋನ್ ಮಾಡಿದೆ. ನನ್ನ ಹಿಂದಿ ಮಂಡಿಯ ಹಿಂದಿ, ಆಕೆಯದೂ ಅಷ್ಟಕ್ಕಷ್ಟೇ. ಆದರೂ ಮಾತು ದಾಟಿತು. ಅದೃಷ್ಟಕ್ಕೆ ಅವರು ಇನ್ನೂ ಊರು ಬಿಟ್ಟಿರಲಿಲ್ಲ. ನೀರಿನ ತಟ್ಟೆಗಳು, ಬೆಲ್ಲ, ಕುದಿಸಿ ಆರಿಸಿದ ನೀರು, ಹಾಸಲು ಗೋಣಿತಾಟು ಎಲ್ಲ ಗಾಡಿಗೆ ಹಾಕಿಕೊಂಡು ಬರಲು, ವಿಮಾನ ನಿಲ್ದಾಣದ ಹೊರಗೇ ಪೆಟ್ಟಿಗೆ ಬಿಚ್ಚಿ ನೀರು ಕುಡಿಸಲು ಹೇಳಿದೆ. ಅಷ್ಟೂ ಮರಿಗೆ ಹೊರಗಡೆಯೇ ನೀರೇ ಎಂದು ಆಕೆ ನಕ್ಕರು. ಆಮೇಲೆ ಹದಿನಾಲ್ಕು ಹೆಂಗಸರು ಬರುತ್ತೇವೆ ಎಂದರು.

ಅಲ್ಲಿಂದ ಮುಂದೆ ಮಾಡುವುದಕ್ಕೆ ಏನೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ನಾನು ಬೇರೆ ಗಿರಾಕಿಗಳ ಫೋನ್ ಎತ್ತುತ್ತೇನೆ. ಆ ದಿನ ಎತ್ತಲಿಲ್ಲ. ಬಿಸಿಲು ಜಗುಲಿಯ ಮೇಲೆ ಸರಿದ ಹಾಗೆ ಪೆಟ್ಟಿಗೆಯನ್ನು ನೆರಳಿಗೆ ಸರಿಸುತ್ತಾ ಕೂತೆ. ಒಂದು ಗಂಟೆಯ ಹೊತ್ತಿಗೆ ಮರಿಗಳ ಸದ್ದು ತೆಳುವಾಯಿತು. ಎರಡರ ಹೊತ್ತಿಗೆ ಬಹಳಷ್ಟು ಕಾಲು ಮಡಚಿ ಕೂತವು. ಬೆರಳಿಂದ ತಟ್ಟಿದರೆ ಏಳುತ್ತಿದ್ದವು, ಮತ್ತೆ ಕೂರುತ್ತಿದ್ದವು. ಒಂದು ವಿಮಾನ ನಮ್ಮ ತಲೆಯ ಮೇಲೆಯೇ ಇಳಿಯಲು ಬಂತು. ದಿನಕ್ಕೆ ನೂರು ಸಲ ಕೇಳುವ ಸದ್ದು. ಯಜಮಾನಮ್ಮ ತಲೆಯೆತ್ತಿ, ಅದು ಮರೆಯಾಗುವವರೆಗೂ ನೋಡಿದರು.

ಮಧ್ಯೆ ಮಗ ಬಂದರು. ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ತಾಯಿಯನ್ನು ಏನೋ ಕೇಳಲು ಹೊರಟವರು ಅವರ ಮುಖ ನೋಡಿ ಓಣಿ ದಾಟಿ ತಮ್ಮ ಮನೆಗೆ ಹೋದರು.

ಎರಡೂ ಮುಕ್ಕಾಲಿಗೆ ವಿಮಾನ ಇಳಿಯಿತು ಎಂದು ಸಂದೇಶ. ಮೂರೂವರೆಗೆ, ಕಾಗದ ನೋಡುತ್ತಿದ್ದಾರೆ ಎಂದು ಇನ್ನೊಂದು. ಪ್ರಮಾಣಪತ್ರದಲ್ಲಿ ಇಪ್ಪತ್ತು, ಚೀಟಿಯಲ್ಲಿ ಹತ್ತೊಂಬತ್ತು ಯಾಕೆ ಎಂದು ಅಲ್ಲಿಯೂ ಕೇಳಿದರಂತೆ. ನೀಲಿ ಮೊಹರಿನ ಬರಹವನ್ನು ಮತ್ತೆ ಕಳಿಸಿದೆ. ನಾಲ್ಕು ಗಂಟೆ ಆಯಿತು. ಅರವತ್ತು ಮುಗಿಯಿತು. ಆಪರೇಟರ್ ಬೆಲ್ಲದ ನೀರಿನ ತಟ್ಟೆಯನ್ನು ತಂದು ಪಕ್ಕದಲ್ಲಿಟ್ಟುಕೊಂಡು ಕೂತರು.

ನಾಲ್ಕೂ ಹನ್ನೆರಡಕ್ಕೆ ವೀಡಿಯೊ ಕರೆ. ಮೊದಲು ಕಂಡದ್ದು ನೆಲ, ಆಮೇಲೆ ಯಾರದೋ ಸೀರೆಯ ಅಂಚು. ಕೊನೆಗೆ ಮರದ ನೆರಳಲ್ಲಿ ಗೋಣಿತಾಟು, ಸಾಲಾಗಿ ತಟ್ಟೆ, ತಟ್ಟೆಗಳ ಸುತ್ತ ಹೆಂಗಸರು. ಒಂದೊಂದು ಮರಿಯನ್ನು ಕೈಗೆತ್ತಿ ಕೊಕ್ಕನ್ನು ನೀರಿಗೆ ಅದ್ದಿ ಬಿಡುತ್ತಿದ್ದರು. ಮರಿ ತಲೆಯೆತ್ತಿ ನುಂಗಿ, ತಾನೇ ಮತ್ತೆ ಬಗ್ಗುತ್ತಿತ್ತು. ಎಷ್ಟು ಸತ್ತಿವೆ ಎಂದು ಕೇಳಿದೆ. ಈಗ ಎಣಿಸಲು ಕೈ ಬಿಡುವಿಲ್ಲ ಎಂದರು. ಆಮೇಲೆ ತಿಳಿದ ಲೆಕ್ಕ, ಹತ್ತೊಂಬತ್ತು ನೂರರಲ್ಲಿ ಮೂವತ್ತೊಂದು.

ಫೋನನ್ನು ಯಜಮಾನಮ್ಮನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ನೆಲಕ್ಕಿಟ್ಟು ಬೆಲ್ಲದ ನೀರಿನ ತಟ್ಟೆಯನ್ನು ಎಳೆದುಕೊಂಡರು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ ಹೋಯಿತು. ಮಂಗಳವಾರ ಮೂರರಿಂದ ನಾಲ್ಕೂವರೆಯವರೆಗೆ ರಾಹುಕಾಲ. ಇನ್ನೂ ಹತ್ತು ನಿಮಿಷ ಇತ್ತು. ಅವರೂ ನನ್ನ ಕಣ್ಣು ಹೋದ ಕಡೆ ನೋಡಿದ್ದರು.

“ಬಾಯಾರಿಕೆಗೆ ಯಾವ ರಾಹುಕಾಲ?” ಎನ್ನುತ್ತಾ ಮೊದಲ ಮರಿಯ ಕೊಕ್ಕನ್ನು ನೀರಿಗೆ ಅದ್ದಿದರು.

ನಾವು ಮೂವರೂ ತೊಂಬತ್ತೊಂಬತ್ತು ಮರಿಗೆ ನೀರು ತೋರಿಸಿದೆವು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಇನ್ನು ಹತ್ತೊಂಬತ್ತು ಪೆಟ್ಟಿಗೆಗೆ ಹದಿನಾಲ್ಕು ಹೆಂಗಸರು ಎಷ್ಟು ಹೊತ್ತು ಬಗ್ಗಿ ಕೂತಿರಬಹುದು ಎಂದು ನನ್ನ ಬೆನ್ನು ಲೆಕ್ಕ ಹಾಕುತ್ತಿತ್ತು. ಅದು ನನ್ನ ಹಾಳೆಯಲ್ಲಿ ಇರಲೇ ಇಲ್ಲ.

ಎಲ್ಲ ಮುಗಿದ ಮೇಲೆ ಯಜಮಾನಮ್ಮ ಕೈ ಒರೆಸಿಕೊಂಡು ಓಣಿ ದಾಟಿ ತಮ್ಮ ಮನೆಗೆ ಹೋದರು. ನಾನು ಚಪ್ಪಲಿ ಹಾಕಿಕೊಂಡು, ಹೇಳಿ ಹೋಗುವುದೋ ಹೇಳದೆ ಹೋಗುವುದೋ ಎಂದು ನಿಂತಿದ್ದೆ. ಅವರು ಸ್ಟೀಲ್ ಲೋಟದಲ್ಲಿ ಕಾಫಿ ತಂದು ಜಗುಲಿಯ ಮೇಲಿಟ್ಟರು.

“ಸಂಘದೋರು ಫೋನ್ ಮಾಡಿದ್ರು. ಮುಂದಿನ ತಿಂಗಳು ಇನ್ನೂ ಎರಡು ಸಾವಿರ ಕೇಳ್ತಾವ್ರೆ,” ಎಂದರು. “ಎಷ್ಟೊತ್ತಿನ ದಾರಿ?”

ಫೋನ್ ಜೇಬಿನಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ನಾಳೆ ಬಂದು ಹೇಳುತ್ತೇನೆ ಎಂದು ಕಾಫಿ ಎತ್ತಿಕೊಂಡೆ.